ನಮ್ಮವರ ಮಕ್ಕಳು ಮುಂದೆ ಬರುವುದು ಹೇಗೆ

ಅಮೆರಿಕಕ್ಕೆ ಈಗಷ್ಟೇ ಬಂದಿದ್ದೀರಿ. ಬಾಡಿಗೆ ಜಾಸ್ತಿಯಾದರೂ ಒಳ್ಳೆ ಶಾಲೆ ಇರುವ ಕಡೆಯೇ ಮನೆ ಹಿಡಿಯಬೇಕಾ, ಅಥವಾ ನಮ್ಮವರ ಮಕ್ಕಳು ಎಲ್ಲಿದ್ದರೂ ಓದಿ ಮುಂದೆ ಬರುತ್ತಾರಾ ಅಂತ ಕೇಳಿದ್ದೀರಿ. ಎರಡನೇ ಮಾತಿಗೆ ಮೊದಲು ಉತ್ತರಿಸುತ್ತೇನೆ.

ಜೆನಿಫರ್ ಲೀ ಮತ್ತು ಮಿನ್ ಝೌ ಎಂಬ ಸಮಾಜಶಾಸ್ತ್ರಜ್ಞೆಯರು ಲಾಸ್ ಏಂಜಲೀಸ್‌ನ ವಲಸಿಗ ಕುಟುಂಬಗಳ ಮಕ್ಕಳನ್ನು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಚೀನಾದಿಂದ ಇಲ್ಲಿಗೆ ಬಂದವರಲ್ಲಿ ಅರ್ಧದಷ್ಟು ಜನ ಪದವೀಧರರು. ಚೀನಾದಲ್ಲೇ ಇದ್ದವರಲ್ಲಿ ಆಗ ಅದು ಶೇ. 4ರ ಆಸುಪಾಸು. ಅಂದರೆ ಬಂದವರೇ ಓದಿನ ಜರಡಿಯಲ್ಲಿ ಸೋಸಿ ಬಂದವರು. ನಮ್ಮ ಕಥೆಯೂ ಅದೇ, ಅಲ್ವಾ? ಸಾಮಾನ್ಯವಾಗಿ ಡಿಗ್ರಿ ಇದ್ದವರಿಗೇ ಎಚ್-1ಬಿ ಅನ್ನುವ ಕೆಲಸದ ವೀಸಾ ಸಿಗುವುದು. ಮಕ್ಕಳು ಓದಿದರೆ ಅದನ್ನು ಸಂಸ್ಕಾರದ ಲೆಕ್ಕಕ್ಕೆ ಬರೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅದೇ ಅಧ್ಯಯನದಲ್ಲಿ ಮೆಕ್ಸಿಕೋ ಮೂಲದ ಮಕ್ಕಳು ಹೈಸ್ಕೂಲ್ ಮುಗಿಸಿದ ಪ್ರಮಾಣ ಅವರ ಅಪ್ಪ-ಅಮ್ಮನದಕ್ಕಿಂತ ಸುಮಾರು ಎರಡು ಪಟ್ಟು. ಹೊರಟ ಜಾಗದಿಂದ ಅಳೆದರೆ ಅವರೇ ಹೆಚ್ಚು ದೂರ ಬಂದವರು.

ಮಕ್ಕಳ ಓದಿನಲ್ಲಿ ವ್ಯತ್ಯಾಸ ಎಲ್ಲಿ ಹುಟ್ಟುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ಇಲ್ಲಿ ಎಂಟನೇ ಕ್ಲಾಸಿನಲ್ಲೇ ಆಲ್ಜಿಬ್ರಾದ ಪ್ರತ್ಯೇಕ ತರಗತಿ ತೆಗೆದುಕೊಂಡ ಮಗು ಹೈಸ್ಕೂಲಿನಲ್ಲಿ ಸಲೀಸಾಗಿ ಕ್ಯಾಲ್ಕುಲಸ್‌ವರೆಗೆ ಹೋಗುತ್ತದೆ. ನಮ್ಮವರಿಗೆ ಇದು ವಾಟ್ಸಾಪ್ ಗುಂಪಿನಲ್ಲೇ ಗೊತ್ತಾಗುತ್ತದೆ. ಪಕ್ಕದ ಮನೆಯಾಕೆ ಹೋಟೆಲ್ ರೂಮು ಕ್ಲೀನ್ ಮಾಡುವವರು, ಇಂಗ್ಲಿಷ್ ಬಾರದು. ಟೀಚರ್ ಜೊತೆ ಮಾತಿಗೆ ಕೂತರೆ ಮಗಳೇ ಅನುವಾದ ಮಾಡಬೇಕು. ತನ್ನ ಬಗ್ಗೆ ಟೀಚರ್ ಹೇಳಿದ್ದನ್ನು ಆ ಹುಡುಗಿಯೇ ಅಮ್ಮನಿಗೆ ಹೇಳಬೇಕು! ಸರ್ಕಾರಿ ಶಾಲೆ ದುಭಾಷಿಯನ್ನು ಪುಕ್ಕಟೆ ಒದಗಿಸಬೇಕು ಅನ್ನುವುದು ಇಲ್ಲಿ ಕಾನೂನು. ಅವರಿಗೆ ಯಾರೂ ಹೇಳಿರಲಿಲ್ಲ. ಕೇಳಿ ಅಂದೆ, ಕೇಳಿದರು. ಮುಂದಿನ ಸಲ ಫೋನಿನಲ್ಲಿ ದುಭಾಷಿ ಇದ್ದರು. ಮಗಳನ್ನು ಆಲ್ಜಿಬ್ರಾಗೆ ಯಾಕೆ ಹಾಕಿಲ್ಲ ಅಂತ ಆ ತಾಯಿ ತಾವೇ ಕೇಳಿದರು. ನಿಮ್ಮ ಪಕ್ಕದಲ್ಲೂ ಅಂಥವರು ಇದ್ದರೆ ದಯವಿಟ್ಟು ಹೇಳಿ.

ಇನ್ನು ಮನೆ ವಿಷಯ. ಶಾಲೆಯ ದುಡ್ಡಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಅದಕ್ಕೇ ಶಾಲೆಯೂ ಬಾಡಿಗೆಯೂ ಜೊತೆಜೊತೆಗೇ ಏರುವುದು. ಇದು ಅನ್ಯಾಯವೇ. ಆದರೂ ಕೈಲಾದರೆ ಒಳ್ಳೆ ಕಡೆಯೇ ಹಿಡಿಯಿರಿ, ಸಂಬಳವೆಲ್ಲ ಸುಮ್ನೆ ಅಲ್ಲಿಗೇ ಸುರಿಯಬೇಡಿ. ಶಾಲೆಯ ರೇಟಿಂಗ್ ಮಾತ್ರ ನೋಡದೆ, ಎಂಟನೇ ಕ್ಲಾಸಿನಲ್ಲಿ ಆಲ್ಜಿಬ್ರಾ ಇದೆಯಾ, ಅದಕ್ಕೆ ಮಕ್ಕಳನ್ನು ಹೇಗೆ ಆರಿಸುತ್ತಾರೆ ಅಂತ ಕೇಳಿ. ಸಹಿ ಹಾಕುವ ಮುಂಚೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಕಚೇರಿಗೇ ಫೋನ್ ಮಾಡಿ, ಮನೆಯ ವಿಳಾಸ ಹೇಳಿ ಅದು ಯಾವ ಶಾಲೆಗೆ ಸೇರುತ್ತದೆ ಅಂತ ಕೇಳಿ. ಒಂದೇ ರಸ್ತೆಯ ಎರಡು ಬದಿ ಬೇರೆ ಬೇರೆ ಶಾಲೆಗೆ ಸೇರಿರುವುದುಂಟು.