ಮೊದಲ ದಿನ ನಾಯಿ ಬೇಡ, ನೀವೊಬ್ಬರೇ ಹೋಗಿ

ಓದುಗರ ಪತ್ರ: ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ಸಾಫ್ಟ್‌ವೇರ್ ಕೆಲಸ. ಮನೆಯಲ್ಲಿ 2 ವರ್ಷದ ಲ್ಯಾಬ್ರಡಾರ್ ಇದೆ. ಕಾಡಿನಲ್ಲಿ ದಾರಿ ತಪ್ಪಿದವರನ್ನು ಹುಡುಕುವ ನಾಯಿ ತಂಡಕ್ಕೆ ಸ್ವಯಂಸೇವಕಿಯಾಗಿ ಸೇರುವ ಆಸೆ. ಮೈಸೂರಿನಲ್ಲಿರುವ ಅಮ್ಮ ‘ಊರ ಉಸಾಬರಿ ನಿನಗ್ಯಾಕೆ’ ಅಂತಾರೆ. ನನ್ನಿಂದ ಆಗುತ್ತಾ? ನಮ್ಮಲ್ಲೂ ಇಂಥದ್ದು ಇದೆಯಾ?

ಸಂಪಾದಕರ ಉತ್ತರ:

ಖಂಡಿತ ಆಗುತ್ತೆ. ಆದರೆ ಮೊದಲ ಸಲ ಹೋಗುವಾಗ ನಾಯಿಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ನಿಮ್ಮ ರಾಜ್ಯದಲ್ಲಿ ಕಾಣೆಯಾದವರನ್ನು ಹುಡುಕುವ ಹೊಣೆ ಆಯಾ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಶೆರಿಫ್ ಕಚೇರಿಯದು, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥರದು. ಆದರೆ ಕಾಡುಮೇಡು ಅಲೆಯುವವರಲ್ಲಿ ಸಂಬಳವಿಲ್ಲದ ಸ್ವಯಂಸೇವಕರೇ ಜಾಸ್ತಿ. ಕ್ಯಾಲಿಫೋರ್ನಿಯಾ ರೆಸ್ಕ್ಯೂ ಡಾಗ್ ಅಸೋಸಿಯೇಷನ್‌ನಂಥ ಸಂಘಗಳಲ್ಲಿ ಇರುವವರು ನಿಮ್ಮ ಹಾಗೇ ಕೆಲಸ, ಮನೆ, ಸಂಸಾರ ಇರುವ ಜನ. ನಾಯಿ ಅವರದ್ದೇ, ಪೆಟ್ರೋಲ್ ಅವರದ್ದೇ, ನಾಯಿ ಡಾಕ್ಟರ ಬಿಲ್ಲೂ ಅವರದ್ದೇ. ಒಂದು ನಾಯಿ ಪರೀಕ್ಷೆ ಪಾಸಾಗಿ ನಿಜವಾದ ಹುಡುಕಾಟಕ್ಕೆ ಇಳಿಯಲು ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ಬೇಕು, ಅದೂ ವಾರ ತಪ್ಪದೆ ತರಬೇತಿಗೆ ಹೋದರೆ.

ಹಾಗಾದರೆ ನಾಯಿ ಯಾಕೆ ಬೇಡ? ತಂಡಕ್ಕೆ ಮೊದಲು ಬೇಕಾಗಿರುವುದು ಅಡಗಿ ಕೂರುವ ಮನುಷ್ಯರು. ಪೊದೆಯೊಳಗೋ ಬಂಡೆಯ ಹಿಂದೆಯೋ ಹೋಗಿ ಸುಮ್ನೆ ಮಲಗಬೇಕು, ಚಳಿಯಿರಲಿ ಸೊಳ್ಳೆಯಿರಲಿ ಅಲ್ಲಾಡಬಾರದು, ನಾಯಿ ಬಂದು ಕಂಡುಹಿಡಿದ ಕ್ಷಣ ಎದ್ದು ಅದರ ಇಷ್ಟದ ಆಟಿಕೆ ಎಸೆದು, ಹೊಗಳಿ, ಹಬ್ಬವೇ ಬಂತು ಅನ್ನುವಷ್ಟು ಖುಷಿಯಿಂದ ಆಡಿಸಬೇಕು. ಮನುಷ್ಯರು ಸಿಕ್ಕರೆ ಆಟ ಸಿಗುತ್ತೆ, ನಾಯಿ ಕಲಿಯುವುದು ಇದೊಂದನ್ನೇ. ಅಡಗುವವರು ಯಾವಾಗಲೂ ಅದೇ ನಾಲ್ಕು ಜನರಾದರೆ ಅದು ಆ ನಾಲ್ವರನ್ನು ಹುಡುಕಲು ಕಲಿತುಬಿಡುತ್ತೆ. ಅದಕ್ಕೇ ಹೊಸಬರು ಬೇಕು, ಬೇರೆ ಬೇರೆ ವಯಸ್ಸಿನವರು, ಹೆಂಗಸರು, ಗಂಡಸರು. ಆ ಕೆಲಸ ಮಾಡಲು ನಿಮಗೆ ಇವತ್ತೇ ಎಲ್ಲ ಅರ್ಹತೆಯೂ ಇದೆ.

ಅಲ್ಲಿ ಮಲಗಿದಾಗ ಗಾಳಿ ಎಂದರೇನು ಅಂತ ಗೊತ್ತಾಗುತ್ತೆ. ನಮ್ಮ ಮೈಯಿಂದ ಚರ್ಮದ ಸಣ್ಣ ಕಣಗಳು ಸದಾ ಉದುರುತ್ತಿರುತ್ತವೆ. ಅವುಗಳ ವಾಸನೆ ಗಾಳಿಯಲ್ಲಿ ಊದುಬತ್ತಿಯ ಹೊಗೆಯ ಹಾಗೆ ಸಾಗುತ್ತೆ, ಮೂಲದಲ್ಲಿ ಸಣ್ಣ, ದೂರ ಹೋದಷ್ಟೂ ಅಗಲ. ಹ್ಯಾಂಡ್ಲರ್, ಅಂದರೆ ನಾಯಿಯನ್ನು ನಡೆಸುವವರ ಕೈಯಲ್ಲಿ ಪೌಡರಿನ ಸಣ್ಣ ಬಾಟಲಿ ಇರುತ್ತೆ, ಆಗಾಗ ಅದನ್ನು ಒತ್ತಿ ಗಾಳಿಯ ದಿಕ್ಕು ನೋಡಿಕೊಂಡು ಗಾಳಿಗೆ ಅಡ್ಡಡ್ಡವಾಗಿ ನಡೆಯುತ್ತಾರೆ. ನಾಯಿ ತಟ್ಟನೆ ತಲೆ ತಿರುಗಿಸಿತು ಅಂದರೆ ವಾಸನೆ ಸಿಕ್ಕಿತು ಅಂತ. ಬಿಸಿಲೇರಿದಾಗ ಗುಡ್ಡದ ಗಾಳಿ ಮೇಲಕ್ಕೆ ಹೋಗುತ್ತೆ, ಸಂಜೆ ತಣ್ಣಗಾದ ಮೇಲೆ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತೆ. ಹಾಗಾಗಿ ಸಂಜೆ ಕಣಿವೆಯಲ್ಲಿ ನಾಯಿ ಚುರುಕಾದರೆ ಕಳೆದುಹೋದವರು ಎಷ್ಟೋ ಮೇಲೆ ಇರಬಹುದು. ಇದನ್ನೆಲ್ಲ ಲೆಕ್ಕ ಹಾಕಬೇಕಾದ್ದು ನಾಯಿಯಲ್ಲ, ಜೊತೆಗಿರುವ ಮನುಷ್ಯರು. ಹ್ಯಾಂಡ್ಲರ್ ಕಣ್ಣು ನಾಯಿಯ ಮೇಲೇ ಇರಬೇಕು, ಅದಕ್ಕೇ ಜಿಪಿಎಸ್, ವಾಕಿಟಾಕಿ, ಪ್ರಥಮ ಚಿಕಿತ್ಸೆ ಎಲ್ಲ ನೋಡಿಕೊಳ್ಳಲು ಇನ್ನೊಬ್ಬರು ಹೋಗುತ್ತಾರೆ. ಅವರನ್ನು ಫ್ಲ್ಯಾಂಕರ್ ಅಂತಾರೆ. ಎಷ್ಟೋ ಜನ ನಾಯಿಯೇ ಇಲ್ಲದೆ ವರ್ಷಗಟ್ಟಲೆ ಈ ಕೆಲಸ ಮಾಡುತ್ತಾರೆ, ಅವರಿಲ್ಲದಿದ್ದರೆ ನಾಯಿ ಹೊರಡುವುದೇ ಇಲ್ಲ.

ನಿಮ್ಮ ಲ್ಯಾಬ್ರಡಾರ್‌ಗೆ 2 ವರ್ಷ ಅಂದಿರಿ. ಮರಿಯಿಂದಲೇ ಶುರು ಮಾಡುವವರು ಜಾಸ್ತಿ, ಆದರೆ ತಡವೇನೂ ಆಗಿಲ್ಲ. ಎತ್ತರದ ಹುಲ್ಲಿನಲ್ಲಿ ಚೆಂಡು ಎಸೆದು ನೋಡಿ. ಸಿಗದಿದ್ದರೂ ಬಿಡದೆ ಹುಡುಕುತ್ತಾ? ಜಿಂಕೆ ಓಡಿದರೂ ನಿಮ್ಮ ಮಾತು ಕೇಳುತ್ತಾ? ಮಿಕ್ಕಿದ್ದನ್ನು ತಂಡದ ಹಿರಿಯರು ನೋಡಿ ಹೇಳುತ್ತಾರೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಒಳ್ಳೆಯ ಮನೆನಾಯಿಗಳಲ್ಲಿ ಬಹಳಷ್ಟು ಇದಕ್ಕೆ ಒಗ್ಗುವುದಿಲ್ಲ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳಬೇಕು. ಎಷ್ಟೋ ಸಲ ನಿಮ್ಮ ಪಾಲಿಗೆ ಬಂದ ಜಾಗದಲ್ಲಿ ಯಾರೂ ಇರುವುದಿಲ್ಲ. ‘ಇಲ್ಲಿಲ್ಲ’ ಅಂತ ನಂಬಿಕೆಯಿಂದ ಹೇಳುವುದೂ ಹುಡುಕಾಟವೇ, ಮಿಕ್ಕವರು ಬೇರೆ ಕಡೆ ಹೋಗಬಹುದಲ್ಲ. ಕೆಲವು ಸಲ ಸಿಗುವುದು ಶವ. 2018ರ ನವೆಂಬರಿನಲ್ಲಿ ನಿಮ್ಮ ರಾಜ್ಯದ ಪ್ಯಾರಡೈಸ್ ಊರು ಕಾಳ್ಗಿಚ್ಚಿಗೆ ಸಿಕ್ಕಿ, ಆ ಬೆಂಕಿಯಲ್ಲಿ 85 ಜನ ಸತ್ತಾಗ, ಬೂದಿಯಲ್ಲಿ ಮೃತರ ಅವಶೇಷ ಹುಡುಕಿದವರಲ್ಲಿ ಇಂಥ ಸ್ವಯಂಸೇವಕರೂ ಅವರ ನಾಯಿಗಳೂ ಇದ್ದರು. ಮನೆಯವರಿಗೆ ಅಂತ್ಯಸಂಸ್ಕಾರಕ್ಕಾದರೂ ಏನಾದರೂ ಸಿಗಬೇಕಲ್ವಾ? 2001ರಲ್ಲಿ ನ್ಯೂಯಾರ್ಕಿನ ಅವಳಿ ಕಟ್ಟಡ ಬಿದ್ದ ಜಾಗಕ್ಕೆ ಟೆಕ್ಸಸ್‌ನಿಂದ ಡೆನಿಸ್ ಕಾರ್ಲಿಸ್ ಎಂಬ ಸ್ವಯಂಸೇವಕಿ ತಮ್ಮ ಗೋಲ್ಡನ್ ರಿಟ್ರೀವರ್ ಬ್ರಿಟನಿಯನ್ನು ಕರೆದುಕೊಂಡು ಹೋಗಿದ್ದರು. ಇಬ್ಬರಿಗೂ ಅದೇ ಮೊದಲ ನಿಜವಾದ ಕೆಲಸ. ಬದುಕಿದವರು ಸಿಗದೆ ಅಲ್ಲಿನ ನಾಯಿಗಳು ಕುಗ್ಗಿದಾಗ, ಹ್ಯಾಂಡ್ಲರ್‌ಗಳು ತಮ್ಮಲ್ಲೇ ಒಬ್ಬರನ್ನು ಅಡಗಿಸಿ ಹುಡುಕಿಸಿ ಹುರುಪು ತುಂಬುತ್ತಿದ್ದರು. ನೋಡಿ, ಅಲ್ಲೂ ಅಡಗಿ ಕೂರುವವರೇ ಬೇಕಾಯಿತು.

ನಮ್ಮ ದೇಶದಲ್ಲಿ ಈ ಕೆಲಸ ಹೆಚ್ಚಾಗಿ ಸರ್ಕಾರಿ ಪಡೆಗಳದ್ದು. 2023ರ ಫೆಬ್ರವರಿಯಲ್ಲಿ ಟರ್ಕಿಯ ಭೂಕಂಪದಲ್ಲಿ ನಮ್ಮ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಎನ್‌ಡಿಆರ್‌ಎಫ್‌ನ ಜೂಲಿ, ರೋಮಿಯೋ ಎಂಬ ನಾಯಿಗಳು ಅವಶೇಷದಡಿ 6 ವರ್ಷದ ಹುಡುಗಿ ಇರುವುದನ್ನು ತೋರಿಸಿಕೊಟ್ಟವು. 2024ರಲ್ಲಿ ವಯನಾಡಿನ ಗುಡ್ಡ ಕುಸಿದಾಗ ಕೇರಳ ಪೊಲೀಸರ ಮಾಯಾ, ಮರ್ಫಿ ಕೆಸರಿನಲ್ಲಿ ಹುಡುಕಿದವು. ನಮ್ಮ ಬೆಂಗಳೂರಿನ ತರಳುವಿನಲ್ಲೇ ಕೇಂದ್ರ ಮೀಸಲು ಪೊಲೀಸ್ ಪಡೆ ಸಿಆರ್‌ಪಿಎಫ್‌ನ ನಾಯಿ ತರಬೇತಿ ಶಾಲೆ ಇದೆ. ಆದರೆ ಮನೆನಾಯಿ ಕಟ್ಟಿಕೊಂಡು ಜನಸಾಮಾನ್ಯರು ಸೇರುವ ರೂಢಿ ಇಲ್ಲಿ ಬೆಳೆದಿಲ್ಲ, ಬೆಳೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಳೆಗಾಲ ಬಂದರೆ ಕೊಡಗು, ಉತ್ತರ ಕನ್ನಡದಲ್ಲಿ ಗುಡ್ಡ ಕುಸಿಯುತ್ತೆ, ಪಡೆಗಳು ದೂರದಿಂದ ಬರುವಷ್ಟರಲ್ಲಿ ಹೊತ್ತಾಗಿರುತ್ತೆ. ನೀವು ಅಲ್ಲಿ ಕಲಿತದ್ದು ಮುಂದೆ ಇಲ್ಲಿಗೂ ಬೇಕಾಗುತ್ತೆ.

ಅಮ್ಮನಿಗೆ ಅಪಾಯವೇ ಇಲ್ಲ ಅಂತ ಹೇಳಬೇಡಿ. ರಾತ್ರಿ ಕರೆ ಬರುತ್ತೆ, ಕಾಲು ಉಳುಕುತ್ತೆ. ಆದರೆ ಒಬ್ಬರೇ ಹೋಗುವುದಿಲ್ಲ, ತರಬೇತಿ ಇಲ್ಲದೆ ಕಳಿಸುವುದಿಲ್ಲ, ಬೇಡ ಅನ್ನಿಸಿದ ದಿನ ಕರೆಗೆ ಇಲ್ಲ ಅನ್ನಬಹುದು. ಇಷ್ಟನ್ನು ಹೇಳಿ. ಆಫೀಸಿನಲ್ಲೂ ಮೊದಲೇ ಮಾತಾಡಿಟ್ಟುಕೊಳ್ಳಿ. ತಂಡಕ್ಕೆ ಫೋನ್ ಮಾಡಿದಾಗ ‘ನನ್ನ ಹತ್ತಿರ ನಾಯಿ ಇದೆ’ ಅಂತ ಶುರು ಮಾಡಬೇಡಿ, ‘ಈ ಶನಿವಾರ ಅಡಗಿ ಕೂರಲು ಯಾರಾದರೂ ಬೇಕಾ’ ಅಂತ ಕೇಳಿ.