ಚುಕ್ಕಿಯನ್ನು ಮೊದಲು ತೋರಿಸಿ

ನಮಸ್ಕಾರ,

‘ಸ್ಕ್ಯಾನರ್ ಕಣ್ಣಿಗೆ ಬೂದು ಬಣ್ಣ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬದಿಗಿಡುವ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. ಗುಹೆಯ ಚಿತ್ರದಿಂದ ಕ್ಯಾಮೆರಾವರೆಗಿನ ಕಥೆ ಇಲ್ಲಿ ಬೇಕಿಲ್ಲ. ಲೇಖನದ ಜೀವ ಇರುವುದು ಮೂರನೇ ಪುಟದಲ್ಲಿ. ಹಳೇ ಪತ್ರಿಕೆಯಲ್ಲಿ ಬಂದಿದ್ದ ನಿಮ್ಮ ಅಜ್ಜನ ಫೋಟೋ ಸ್ಕ್ಯಾನ್ ಮಾಡಿದಿರಿ, ಮುಖದ ತುಂಬ ಅಲೆ ಅಲೆಯಾಗಿ ಪಟ್ಟಿ ಬಂತು. ಅಲ್ಲಿಂದಲೇ ಶುರು ಮಾಡಿ.

ಆದರೆ ಅದಕ್ಕೆ ಅಗ್ಗದ ಸ್ಕ್ಯಾನರ್ ಕಾರಣ ಎಂದಿದ್ದೀರಿ, ಅದು ತಪ್ಪು. ಆ ಫೋಟೋದಲ್ಲಿ ಬೂದು ಬಣ್ಣವೇ ಇಲ್ಲ. ಇರುವುದು ಕಪ್ಪು ಶಾಯಿಯ ಚುಕ್ಕಿಗಳ ಸಾಲು: ಕೋಟಿನ ಹತ್ತಿರ ದಪ್ಪ, ಕೆನ್ನೆಯ ಹತ್ತಿರ ಸಣ್ಣ. ಸ್ಕ್ಯಾನರ್ ನೋಡುವುದೂ ಸಾಲುಸಾಲಾಗಿಯೇ. ಈ ಎರಡು ಸಾಲುಗಳು ಹೊಂದದಿದ್ದಾಗ ಅಲೆ ಏಳುತ್ತದೆ. ಸೊಳ್ಳೆಪರದೆಯ ಎರಡು ಪದರ ಒಂದರ ಮೇಲೊಂದು ಬಿದ್ದಾಗ ಕಾಣುವುದೂ ಇದೇ. ಮೊಯರೆ ಎಂದು ಇದರ ಹೆಸರು. ದುಬಾರಿ ಸ್ಕ್ಯಾನರ್‌ನಲ್ಲೂ ಬರುತ್ತದೆ.

ಇನ್ನೊಂದು ದೊಡ್ಡ ತಪ್ಪು: ‘ಸ್ಕ್ಯಾನರ್‌ಗೆ ಕಪ್ಪು ಬಿಳುಪು ಬಿಟ್ಟರೆ ಏನೂ ತಿಳಿಯದು.’ ತಿಳಿಯುತ್ತದೆ. ಪ್ರತಿ ಚುಕ್ಕಿಗೆ 8 ಬಿಟ್, ಅಂದರೆ ಎಂಟು ಸೊನ್ನೆ-ಒಂದುಗಳನ್ನು ಬಳಸಿದರೆ ಅದು 256 ಹಂತದ ಬೆಳಕು ಅಳೆಯುತ್ತದೆ. ಪೇಚು ಬರುವುದು ಆ 256 ಹಂತವನ್ನು ಕಪ್ಪು ಅಥವಾ ಬಿಳುಪು ಎಂಬ ಎರಡಕ್ಕೆ ಇಳಿಸುವಾಗ. ಫ್ಯಾಕ್ಸ್‌ಗೆ, ಲೇಸರ್ ಪ್ರಿಂಟರ್‌ಗೆ ಬೇಕಾದದ್ದು ಅಷ್ಟೇ. 128ಕ್ಕಿಂತ ಕಡಿಮೆ ಇದ್ದದ್ದೆಲ್ಲ ಕಪ್ಪು ಎಂದು ಸುಮ್ನೆ ಕತ್ತರಿಸಿದರೆ ಮುಖ ಮಸಿ ಬಳಿದ ಹಾಗಾಗುತ್ತದೆ.

ಇಲ್ಲೇ ಡಿದರಿಂಗ್, ಅಂದರೆ ಕಪ್ಪು ಬಿಳುಪು ಚುಕ್ಕಿಗಳನ್ನು ಬೆರೆಸಿ ಬೂದು ಕಾಣಿಸುವ ಉಪಾಯ, ಬರುವುದು. ನೀವು ‘1976ರ ಫ್ಲಾಯ್ಡ್–ಸ್ಟೈನ್‌ಬರ್ಗ್ ವಿಧಾನ’ ಎಂದು ಹೆಸರು ಹೇಳಿ ಮುಂದೆ ಹೋಗಿಬಿಟ್ಟಿರಿ. ಹೆಸರಿನಿಂದ ಓದುಗರಿಗೆ ಏನು ಸಿಕ್ಕಿತು? ಲೆಕ್ಕ ಮಾಡಿ ತೋರಿಸಿ. ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕಿಯ ಬೆಲೆ 100 ಎನ್ನಿ. 0 ಕಪ್ಪು, 255 ಬಿಳುಪು. 128ಕ್ಕಿಂತ ಕಡಿಮೆ, ಹಾಗಾಗಿ ಕಪ್ಪಾಯಿತು. ಆದರೆ 100 ಬಾಕಿ ಉಳಿಯಿತು. ಆ ಬಾಕಿಯನ್ನು ಅಕ್ಕಪಕ್ಕದವರಿಗೆ ಹದಿನಾರು ಪಾಲು ಮಾಡಿ ಹಂಚಬೇಕು: ಬಲಕ್ಕೆ 7 ಪಾಲು, ಕೆಳಗೆ ಎಡಕ್ಕೆ 3, ನೇರ ಕೆಳಗೆ 5, ಕೆಳಗೆ ಬಲಕ್ಕೆ 1. ಅಂದರೆ ಸುಮಾರು 44, 19, 31, 6. ಬಲಗಡೆಯದ್ದೂ 100 ಇದ್ದರೆ ಈಗ 144 ಆಯಿತು, ಬಿಳುಪಾಯಿತು! ಅದು ಜಾಸ್ತಿ ತೆಗೆದುಕೊಂಡ 111ನ್ನು ಮತ್ತೆ ಅದೇ ಪಾಲಿನಲ್ಲಿ ಮುಂದಿನವರಿಂದ ಕಳೆಯಬೇಕು. ಹೀಗೆ ಕಪ್ಪು ಬಿಳುಪು ಬೆರೆತು, ದೂರದಿಂದ ಬೂದು ಕಾಣುತ್ತದೆ. ಎಷ್ಟು ಚೆಂದದ ಲೆಕ್ಕ, ಅಲ್ವಾ? ಇದನ್ನು ಓದುಗರಿಂದ ಮುಚ್ಚಿಡಬೇಡಿ.

ಹಾಫ್‌ಟೋನ್ (ಫೋಟೋವನ್ನು ಚುಕ್ಕಿಗಳಾಗಿ ಮುದ್ರಿಸುವ ಕ್ರಮ) ಮತ್ತು ಈ ವಿಧಾನವನ್ನು ಒಂದೇ ಎಂಬಂತೆ ಬಳಸಿದ್ದೀರಿ. ಪತ್ರಿಕೆಯ ಹಾಫ್‌ಟೋನ್‌ನಲ್ಲಿ ಚುಕ್ಕಿಯ ಗಾತ್ರ ಬದಲಾಗುತ್ತದೆ. ಇಲ್ಲಿ ಚುಕ್ಕಿ ಒಂದೇ ಗಾತ್ರ, ದಟ್ಟಣೆ ಬದಲಾಗುತ್ತದೆ. ಹಾಗೆಯೇ 600 ಡಿಪಿಐ (ಇಂಚಿಗೆ 600 ಚುಕ್ಕಿ ಹಾಕುವ) ಪ್ರಿಂಟರ್ ಇಂಚಿಗೆ 600 ಬೂದು ಚುಕ್ಕಿ ಕೊಡುವುದಿಲ್ಲ. 8×8 ಚುಕ್ಕಿಗಳನ್ನು ಸೇರಿಸಿ ಒಂದು ಮನೆ ಮಾಡಿಕೊಂಡರೆ 65 ಹಂತದ ಬೂದು ಸಿಗುತ್ತದೆ, ಆದರೆ ಇಂಚಿಗೆ ಉಳಿಯುವುದು 75 ಸಾಲು ಮಾತ್ರ.

ಚುಕ್ಕಿ ರಂಗೋಲಿಯ ಹೋಲಿಕೆ ಬಿಡಿ. ಅಲ್ಲಿ ಚುಕ್ಕಿ ಇರುವುದು ಗೆರೆಗೆ ದಾರಿ ತೋರಿಸಲು, ನೆರಳು ಮೂಡಿಸಲು ಅಲ್ಲ.

‘ಹಾಫ್‌ಟೋನ್ ಪರದೇಶದ್ದು, ನಾವು ಬಳಸಿದೆವು ಅಷ್ಟೇ’ ಎಂಬ ಸಾಲು ನನಗೆ ಬೇಸರ ತಂದಿತು. ಕಲ್ಕತ್ತೆಯಲ್ಲಿ 1895ರಲ್ಲಿ ಮುದ್ರಣ ಸಂಸ್ಥೆ ಕಟ್ಟಿದ ಉಪೇಂದ್ರಕಿಶೋರ್ ರಾಯ್‌ಚೌಧರಿ, ಸತ್ಯಜಿತ್ ರಾಯ್ ಅವರ ಅಜ್ಜ, ಹಾಫ್‌ಟೋನ್ ಬಗ್ಗೆ ತಾವೇ ಪ್ರಯೋಗ ಮಾಡಿ ಬ್ರಿಟನ್ನಿನ ಮುದ್ರಣ ಪತ್ರಿಕೆ ಪೆನ್ರೋಸ್ ವಾರ್ಷಿಕದಲ್ಲಿ ಲೇಖನಗಳನ್ನು ಬರೆದರು. ಅವರಿಗೆ ಒಂದು ಪ್ಯಾರಾ ಕೊಡಿ.

ಅಜ್ಜನ ಫೋಟೋವನ್ನು ಮತ್ತೆ ಎರಡು ರೀತಿ ಸ್ಕ್ಯಾನ್ ಮಾಡಿ. ಒಂದು ಹಾಗೇ, ಇನ್ನೊಂದು ಡಿಸ್ಕ್ರೀನ್ (ಚುಕ್ಕಿಗಳನ್ನು ಮಸುಕಾಗಿಸಿ ಅಲೆ ತಗ್ಗಿಸುವ) ಆಯ್ಕೆ ಹಾಕಿ. ಕೆನ್ನೆಯ ಒಂದು ಚೂರನ್ನು ಚುಕ್ಕಿಗಳು ಎಣಿಸಲು ಬರುವಷ್ಟು ದೊಡ್ಡದು ಮಾಡಿ. ಮೂರೂ ಚಿತ್ರಗಳನ್ನು ಹೊಸ ಬರಹದ ಜೊತೆ ಕಳುಹಿಸಿ, ಜಾಗ ಇಟ್ಟಿರುತ್ತೇನೆ.

ಸಂಪಾದಕ