ತಪ್ಪಿದ ಡೋಸ್ ಈಗಲೂ ಹಾಕಿಸಬಹುದು

ದೇವದುರ್ಗ ತಾಲ್ಲೂಕಿನ ಹಳ್ಳಿಯಿಂದ ಅಜ್ಜಿಯೊಬ್ಬರು ಬರೆದಿದ್ದಾರೆ: ‘ಮಗಳು, ಅಳಿಯ ಬೆಂಗಳೂರಿಗೆ ಗುಳೆ ಹೋಗಿದ್ದರು. ಮೊಮ್ಮಗಳಿಗೆ ಈಗ ಐದೂವರೆ ತಿಂಗಳು. ಒಂದೂವರೆ ತಿಂಗಳಿನ ಲಸಿಕೆ ಆಗಿದೆ, ಆಮೇಲಿನವು ತಪ್ಪಿವೆ. ಹತ್ತು ದಿನದಲ್ಲಿ ಮತ್ತೆ ಹೊರಡುತ್ತಾರೆ. ಕೂಸಿಗೆ ನೆಗಡಿ ಬೇರೆ. ಪಕ್ಕದ ಮನೆ ಮಗುವಿಗೆ ಲಸಿಕೆ ಹಾಕಿಸಿದ ಮೇಲೂ ನ್ಯುಮೋನಿಯಾ ಬಂತು. ಹಾಗಾದರೆ ಸುಮ್ನೆ ಯಾಕೆ ಚುಚ್ಚಿಸಬೇಕು? ನಮ್ಮ ಯಜಮಾನರಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ದೊಡ್ಡವರಿಗೂ ಈ ಲಸಿಕೆ ಇದೆಯಂತೆ, ನಿಜವೇ?’

ಅಮ್ಮಾ, ಈ ಹತ್ತು ದಿನದೊಳಗೇ ಹಾಕಿಸಿಬಿಡಿ. ಮೊದಲಿನಿಂದ ಶುರು ಮಾಡಬೇಕಿಲ್ಲ. ನಿಂತಲ್ಲಿಂದ ಮುಂದುವರಿಸಿದರೆ ಸಾಕು. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯನ್ನು ಸರ್ಕಾರ ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ಕೊಡುತ್ತದೆ. ನಿಮ್ಮ ಮೊಮ್ಮಗಳಿಗೆ ಎರಡನೆಯದು ಈಗ, ಮೂರನೆಯದು ಒಂಬತ್ತು ತುಂಬಿದಾಗ. ಅದೇ ದಿನ ದಡಾರದ ಲಸಿಕೆಯೂ ಬೀಳುತ್ತದೆ. ದಡಾರ ಬಂದ ಮಕ್ಕಳಿಗೆ ಅದರ ಹಿಂದೆಯೇ ನ್ಯುಮೋನಿಯಾ ಹಿಡಿಯುವುದು ಜಾಸ್ತಿ, ಹಾಗಾಗಿ ಅದೂ ಬಿಡಬೇಡಿ. ಐದು ರೋಗಗಳನ್ನು ಒಟ್ಟಿಗೆ ತಡೆಯುವ ಪೆಂಟಾವೇಲೆಂಟ್ ಚುಚ್ಚುಮದ್ದೂ ತಪ್ಪಿದೆ, ಅದನ್ನೂ ಈಗಲೇ ಕೇಳಿ. ಅದರ ಮುಂದಿನ ಡೋಸಿಗೆ ಕನಿಷ್ಠ ನಾಲ್ಕು ವಾರ ಬಿಡಬೇಕು. ಅಂದರೆ ಅದು ಬೆಂಗಳೂರಿನಲ್ಲೇ ಆಗಬೇಕು.

ನನಗೆ ಚಿಂತೆ ಇರುವುದು ಅಲ್ಲಿಯೇ. ನಮ್ಮ ರಾಯಚೂರು, ಕೊಪ್ಪಳ ಕಡೆಯಿಂದ ದುಡಿಯಲು ಹೋದವರು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಅಲ್ಲಿ ಆಶಾ ಯಾರು, ಆಸ್ಪತ್ರೆ ಎಲ್ಲಿ, ಏನೂ ಗೊತ್ತಿರುವುದಿಲ್ಲ. ಒಂದು ದಿನ ಕೆಲಸ ಬಿಟ್ಟರೆ ಕೂಲಿ ಹೋಗುತ್ತದೆ. ಮಗಳನ್ನು ಬೈಯಬೇಡಿ. ತಾಯಿ ಕಾರ್ಡನ್ನು ಅವಳ ಕೈಯಲ್ಲೇ ಕೊಟ್ಟು ಕಳಿಸಿ. ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಾದರೂ ಆ ಕಾರ್ಡ್ ನೋಡಿ ಮುಂದಿನ ಲಸಿಕೆ ಹಾಕುತ್ತಾರೆ. ದುಡ್ಡು ಕೊಡಬೇಕಿಲ್ಲ. ಖಾಸಗಿಯಲ್ಲಿ ಇದೇ ಪಿಸಿವಿಗೆ ಡೋಸಿಗೆ ಸಾವಿರಾರು ರೂಪಾಯಿ ಆಗುತ್ತದೆ. 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಶುರುವಾದ ಉಚಿತ ಲಸಿಕೆ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ನಿಮ್ಮ ಮಗಳು ಹುಟ್ಟಿದಾಗ ಸರ್ಕಾರಿ ಆಸ್ಪತ್ರೆಯಲ್ಲಿ ಇದು ಇರಲಿಲ್ಲ.

ನೆಗಡಿಗೆ ಹೆದರಿ ಲಸಿಕೆ ಮುಂದೂಡಬೇಡಿ. ಜ್ವರ ಜೋರಾಗಿದ್ದರೆ, ಕೂಸು ಮಂಕಾಗಿದ್ದರೆ ಮಾತ್ರ ಮೊದಲು ವೈದ್ಯರಿಗೆ ತೋರಿಸಿ.

ಇನ್ನು ಪಕ್ಕದ ಮನೆಯ ಮಗು. ನಿಮ್ಮ ಅನುಮಾನ ನ್ಯಾಯವಾದದ್ದು. ನ್ಯುಮೋನಿಯಾ ಒಂದೇ ರೋಗಾಣುವಿನಿಂದ ಬರುವುದಲ್ಲ. ವೈರಸ್‌ನಿಂದಲೂ ಬರುತ್ತದೆ. ಮಕ್ಕಳ ಜೀವಕ್ಕೆ ಎರವಾಗುವುದರಲ್ಲಿ ಮುಂದಿರುವುದು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ. ಅದರಲ್ಲೇ ಸುಮಾರು ನೂರು ಬಗೆಗಳಿವೆ. ಪುಣೆಯಲ್ಲಿ ತಯಾರಾಗುವ ನ್ಯುಮೋಸಿಲ್ ಎಂಬ ಪಿಸಿವಿ, ಹೆಚ್ಚು ಕಾಡುವ 10 ಬಗೆಗಳನ್ನು ತಡೆಯುತ್ತದೆ. ಈ ಬ್ಯಾಕ್ಟೀರಿಯಾದ ಮೈಮೇಲೆ ಸಕ್ಕರೆ ಜಾತಿಯ ಒಂದು ಹೊದಿಕೆ ಇರುತ್ತದೆ. ಎರಡು ವರ್ಷದೊಳಗಿನ ಮಗುವಿನ ಮೈ ಅದನ್ನು ಶತ್ರು ಎಂದು ಗುರುತಿಸುವುದಿಲ್ಲ. ಅದಕ್ಕೇ ಆ ಹೊದಿಕೆಯ ಚೂರನ್ನು ಒಂದು ಪ್ರೋಟೀನಿಗೆ ಅಂಟಿಸಿ ಲಸಿಕೆ ಮಾಡಿದ್ದಾರೆ. ಆಗ ಗುರುತು ಹತ್ತುತ್ತದೆ. ಪೆಂಟಾವೇಲೆಂಟ್‌ನಲ್ಲಿರುವ ಹಿಬ್ ಅಂಶ ನ್ಯುಮೋನಿಯಾ ತರುವ ಇನ್ನೊಂದು ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಇಷ್ಟಾದರೂ ಉಳಿದ ರೋಗಾಣುಗಳಿಗೆ ದಾರಿ ಇದ್ದೇ ಇದೆ. ಪಕ್ಕದ ಮಗುವಿಗೆ ಯಾವುದು ಬಂತೋ ನಾವು ಹೇಳಲಾಗದು. ಆದರೆ ಎಲ್ಲ ಕಿಟಕಿ ಮುಚ್ಚಲಾಗದು ಅಂತ ಬಾಗಿಲನ್ನೂ ತೆರೆದಿಡುತ್ತೇವಾ?

ಆದ್ದರಿಂದ ಲಸಿಕೆ ಹಾಕಿಸಿದರೂ ಕೆಮ್ಮು ಬಂದಾಗ ಕೂಸಿನ ಉಸಿರು ಎಣಿಸುವುದನ್ನು ಮಗಳಿಗೆ ಕಲಿಸಿ. ಅಳದೆ ಶಾಂತವಾಗಿದ್ದಾಗ ಅಂಗಿ ಎತ್ತಿ, ಎದೆ-ಹೊಟ್ಟೆ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳಿಂದ ವರ್ಷದೊಳಗಿನ ಮಗುವಿಗೆ 50 ಅಥವಾ ಅದಕ್ಕಿಂತ ಜಾಸ್ತಿ, ವರ್ಷ ತುಂಬಿದ ಮೇಲೆ 40 ಅಥವಾ ಜಾಸ್ತಿ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಉಸಿರೆಳೆದಾಗ ಪಕ್ಕೆ ಒಳಗೆ ಹೋದರೆ, ಮೊಲೆ ಕುಡಿಯುವುದು ಬಿಟ್ಟರೆ ಎಣಿಸುತ್ತಾ ಕೂರಬೇಡಿ, ತಕ್ಷಣ ಹೊರಡಿ. ಪಕ್ಕೆ ಸೆಳೆತಕ್ಕೆ ಬರೆ ಹಾಕಿಸುವ ರೂಢಿ ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ನಮ್ಮ ಮನೆಯ ಹಿರಿಯರೊಬ್ಬರ ಹೊಟ್ಟೆಯ ಮೇಲೆ ಆ ಕಲೆಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕೈಮುಗಿದು ಹೇಳುತ್ತೇನೆ, ಬೇಡ. ರೋಗ ಇರುವುದು ಶ್ವಾಸಕೋಶದಲ್ಲಿ. ಚರ್ಮ ಸುಟ್ಟರೆ ಕೂಸಿಗೆ ಗಾಯ ಆಗುತ್ತದೆ, ಆಸ್ಪತ್ರೆಗೆ ಸೇರುವ ಹೊತ್ತು ಕಳೆದುಹೋಗುತ್ತದೆ.

ಶೆಡ್ಡಿನೊಳಗೆ ಕಟ್ಟಿಗೆ ಒಲೆ ಹಚ್ಚಿದರೆ ಕೂಸನ್ನು ಹೊಗೆಯಿಂದ ದೂರ ಮಲಗಿಸಲಿ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಸಾಕು.

ಯಜಮಾನರ ವಿಷಯ ನಿಜ. ವಯಸ್ಸು 65 ದಾಟಿದವರಿಗೆ, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶದ ತೊಂದರೆ ಇದ್ದವರಿಗೆ ನ್ಯುಮೋಕಾಕಸ್ ಲಸಿಕೆ ಇದೆ. ಅದು ಮಕ್ಕಳ ಉಚಿತ ಲಸಿಕೆಯ ಲೆಕ್ಕದಲ್ಲಿ ಬರುವುದಿಲ್ಲ, ದುಡ್ಡು ಕೊಡಬೇಕಾಗುತ್ತದೆ. ಅದರಲ್ಲಿ ಬೇರೆ ಬೇರೆ ಬಗೆಗಳಿವೆ. ಸಕ್ಕರೆಗೆ ಮಾತ್ರೆ ಬರೆದುಕೊಡುವ ವೈದ್ಯರನ್ನೇ ಯಾವುದು, ಎಷ್ಟು ಡೋಸ್ ಎಂದು ಕೇಳಿ. ಫ್ಲೂ ಲಸಿಕೆಯನ್ನೂ ಕೇಳಿ, ಅದು ವರ್ಷಕ್ಕೊಮ್ಮೆ. ಬೀಡಿ ಸೇದುತ್ತಾರಾ? ಪತ್ರದಲ್ಲಿ ಬರೆದಿಲ್ಲ. ಸೇದುತ್ತಿದ್ದರೆ ಕೂಸು ಮನೆಯಲ್ಲಿರುವ ಈ ಹತ್ತು ದಿನದಿಂದಲೇ ಬಿಡಲಿ.

ನಾಳೆ ಬೆಳಿಗ್ಗೆಯೇ ಆಶಾ ಅವರನ್ನು ಕಂಡು ನಿಮ್ಮೂರಿನ ಲಸಿಕೆ ದಿನ ಯಾವತ್ತು ಅಂತ ಕೇಳಿ. ಅದು ಹೊರಡುವ ದಿನದ ಆಚೆ ಬಂದರೆ ಕಾಯಬೇಡಿ, ಕಾರ್ಡ್ ಹಿಡಿದು ದೇವದುರ್ಗದ ಸರ್ಕಾರಿ ಆಸ್ಪತ್ರೆಗೆ ಹೋಗಿ.